ಡ್ರೈವರ್ ಹಿಂದಿನ ಸೀಟು

ಬಸ್ ಸ್ಟಾಪ್ ಕಂಡೊಡನೆ ಡ್ರೈವರ್ ಮಾಮನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಯಿತು. ಕಾರು ನಿಂತಿತು. ಕೂಡಲೇ ಹಿಂದಿನ ಬಾಗಿಲು ತೆರೆಯಿತು, ಒಂದು ತರಕಾರಿ ಚೀಲ ಒಳಗೆ ಬಂತು. ಚೀಲದ ಹಿಂದೆಯೇ ಒಬ್ಬ ಹೆಂಗಸು ಹತ್ತಿ, ಮಾಮನ ಬೆನ್ನಿಗೇ ಕೂತು, "ಹೊರಡೋಣ ಅಣ್ಣಾ" ಅಂದಳು.

ಸ್ಟಾಪಿನಲ್ಲಿ ನಿಲ್ಲಿಸಿದ್ದು ಹೊಸದೇನಲ್ಲ. ಮಾಮ ಇದೇ ರಸ್ತೆಯಲ್ಲಿ ಬಸ್ಸು ಓಡಿಸಿದವರು; ಹೆಂಡತಿ ಅದೇ ಬಸ್ಸಿನ ಕಂಡಕ್ಟರು. ಇಬ್ಬರೂ ರಿಟೈರಾದ ಮೇಲೆ, ಬೇಸಿಗೆ ಬಂತೆಂದರೆ ವಾರಕ್ಕೊಮ್ಮೆ ಸಣ್ಣ ಕಾರಿನಲ್ಲಿ ಹಳೆಯ ದಾರಿ ಹಿಡಿಯುವುದು, ತೋಟಗಳ ಬೇಲಿ ಪಕ್ಕ ಆಗ ತಾನೇ ಕಿತ್ತ ಸೌತೆ, ಬದನೆ, ಕುಂಬಳ ಕೊಳ್ಳುವುದು, ಮರದಡಿ ಬುತ್ತಿ ಬಿಚ್ಚಿ ಉಂಡು ಬರುವುದು, ಇದೇ ಅವರ ಪ್ರವಾಸ. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ಡ್ರೈವರ್ ಗುಣವೂ ಹಾಗೇ. ಮಾಮ ಸ್ಟಾಪು ಸ್ಟಾಪಿಗೂ ನಿಲ್ಲಿಸುತ್ತಾರೆ. ಕಂಡಕ್ಟರಮ್ಮ "ರೈಟ್ ರೈಟ್" ಅನ್ನುವ ತನಕ ಕಾರು ಕದಲುವುದಿಲ್ಲ. ಆದರೆ ಯಾರಾದರೂ ಹತ್ತಿದ್ದು ಇದೇ ಮೊದಲು.

"ಬಾ ಬಾ! ನಿನ್ನ ನೋಡಿ ಎಷ್ಟು ದಿನ ಆಯ್ತು!" ಎಂದು ಕಂಡಕ್ಟರಮ್ಮ ಹಿಂದಕ್ಕೆ ತಿರುಗಿ ಬಾಯ್ತುಂಬ ನಕ್ಕರು. "ರೈಟ್ ರೈಟ್!"

ಹಾಗಾದರೆ ಗುರುತಿನವಳೇ! ಮಾಮ ಕನ್ನಡಿಯಲ್ಲಿ ಅವಳ ಮುಖ ನೋಡಿದರು. ಊಹೂಂ, ತಲೆಯೊಳಗೆ ಏನೂ ಮಿಸುಕಲಿಲ್ಲ. ಹೋದ ತಿಂಗಳೂ ಹೀಗೇ ಆಗಿತ್ತು. ಮೀಸೆ ಬೋಳಿಸಿಕೊಂಡು ಬಂದ ಸ್ವಂತ ಷಡ್ಡಕನನ್ನು, "ತಮ್ಮ ಪರಿಚಯ ಆಗಲಿಲ್ಲ" ಎಂದು ಕೇಳಿಬಿಟ್ಟಿದ್ದರು. ಪಕ್ಕದಲ್ಲೇ ಇದ್ದ ಹೆಂಡತಿ ಚಕಾರವೆತ್ತಿರಲಿಲ್ಲ. ಗಂಡನ ಮಾನ ಉಳಿಸಲು ಸುಮ್ಮನಿದ್ದಾಳೆ ಪುಣ್ಯಾತ್ಗಿತ್ತಿ ಅಂದುಕೊಂಡಿದ್ದರು. ಅಂದಿನಿಂದ ಮಾಮನಿಗೆ ಒಂದೇ ಭಯ, ತಲೆ ಕೈಕೊಡುತ್ತಿದೆ ಎಂದು. ಇವತ್ತು ಮುಖ ಮರೆತವನು ನಾಳೆ ದಾರಿ ಮರೆತರೆ? ದಾರಿ ಮರೆತ ಡ್ರೈವರು ಇದ್ದರೆಷ್ಟು, ಬಿಟ್ಟರೆಷ್ಟು? ಮಕ್ಕಳು ಕಾರಿನ ಕೀ ಕಿತ್ತುಕೊಳ್ಳುತ್ತಾರೆ. ಆಮೇಲೆ ಬೇಸಿಗೆಯೂ ಇಲ್ಲ, ಬದನೆಯೂ ಇಲ್ಲ.

ಕತ್ತಲಲ್ಲಿ ಕಲ್ಲು ಬೀಸಿ ನೋಡೋಣವೆಂದು, "ಮನೇಲಿ ಎಲ್ಲಾ ಆರಾಮಾ?" ಎಂದು ಕೇಳಿದರು.

"ಅವರಿಗೇನಣ್ಣಾ, ಗುಂಡುಕಲ್ಲಿನ ಹಾಗಿದಾರೆ. ಮಗಳು ಮಾತ್ರ ದಿನಾ ಅಕ್ಕನ್ನ ನೆನೆಸ್ಕೋತಾಳೆ."

"ಹೌದಾ? ಜಾಣೆ! ಈಗ ಎಷ್ಟನೇ ಕ್ಲಾಸು?" ಅಂದರು ಕಂಡಕ್ಟರಮ್ಮ.

ಹೆಂಗಸು ಒಂದು ಗಳಿಗೆ ತಬ್ಬಿಬ್ಬಾದಳು. ಆಮೇಲೆ ಗೊಳ್ಳೆಂದು ನಕ್ಕಳು. "ಅಕ್ಕನ ತಮಾಷೆ ಇನ್ನೂ ಹೋಗಿಲ್ಲ ನೋಡಣ್ಣಾ! ಈಗ ಅವಳ ಮಗಳೇ ಸ್ಕೂಲಿಗೆ ಹೋಗ್ತಾಳೆ."

ಕಂಡಕ್ಟರಮ್ಮನೂ ನಕ್ಕರು. ಮಾಮನಿಗೆ ಮಾತ್ರ ಒಂದಕ್ಕೊಂದು ತಾಳೆಯಾಗಲಿಲ್ಲ. ಅವರಿಬ್ಬರೂ ಬಿಸಿಲು, ಮಂಡಿ ನೋವು, ಸೊಪ್ಪಿಗೆ ಬೀಳುವ ಹುಳ ಎಂದು ಹರಟುತ್ತಿದ್ದರೆ, ಮಾಮ ಅತ್ತೆಯರು, ಅತ್ತಿಗೆಯರು, ನಾದಿನಿಯರನ್ನೆಲ್ಲ ಒಬ್ಬೊಬ್ಬರಾಗಿ ಮನಸ್ಸಿನಲ್ಲೇ ಹಿಂದಿನ ಸೀಟಿಗೆ ಕೂರಿಸಿ, ಇಳಿಸಿ, ಬೆವೆತುಹೋದರು.

ತೋಟದ ತಿರುವಿನಲ್ಲಿ ಹೆಂಗಸು ಇಳಿದಳು. ಚೀಲದಿಂದ ಎರಡು ಎಳೆ ಸೌತೆಕಾಯಿ ತೆಗೆದು ಕಿಟಕಿಯಿಂದ ಕಂಡಕ್ಟರಮ್ಮನ ಮಡಿಲಿಗೆ ಹಾಕಿ, "ನಮ್ಮ ಹಿತ್ತಲದ್ದೇ ಅಕ್ಕಾ" ಅಂದಳು. ಮಾಮ ಚೀಲವನ್ನು ಬೇಲಿಯ ತನಕ ಹೊತ್ತು ತಂದರು. ಅಲ್ಲಿ, ಹೆಂಡತಿಯ ಕಿವಿಗೆ ಬೀಳದ ಹಾಗೆ, ಗಂಟಲು ಸರಿಮಾಡಿಕೊಂಡರು.

"ತಪ್ಪು ತಿಳ್ಕೋಬೇಡಮ್ಮಾ, ನೀನು ಯಾರು ಅಂತ ನನಗೆ ಹೊಳೀತಾನೇ ಇಲ್ಲ."

"ನಿಮಗೆ ಹೇಗಣ್ಣಾ ಹೊಳೀಬೇಕು?" ಎಂದು ಅವಳು ನಕ್ಕಳು. "ದಿನಾ ತರಕಾರಿ ಹೊತ್ಕೊಂಡು ನಿಮ್ಮ ಬಸ್ಸಲ್ಲೇ ಪೇಟೆಗೆ ಹೋಗ್ತಿದ್ದೆ. ಯಾವಾಗ್ಲೂ ನಿಮ್ಮ ಹಿಂದಿನ ಸೀಟೇ. ನಾನು ನೋಡಿದ್ದು ನಿಮ್ಮ ಬೆನ್ನು, ನೀವು ನೋಡಿದ್ದು ರಸ್ತೆ. ಒಂದಿನ ಆದ್ರೂ ಹಿಂದೆ ತಿರುಗಿದವರಾ ನೀವು? ಟಿಕೆಟ್ ಕೊಟ್ಟು ಮುಗಿಸಿ ನನ್ನ ಪಕ್ಕ ಕೂತು ಕಷ್ಟ ಸುಖ ಮಾತಾಡ್ತಿದ್ದವರು ಅಕ್ಕ. ನನ್ನ ಮಗಳಿಗೆ ಹೆಸರು ಇಟ್ಟವರೂ ಅವರೇ. ಇವತ್ತು ನಿಮ್ಮ ಕಾರು ಸ್ಟಾಪಲ್ಲಿ ನಿಂತಿದ್ದು ಕಂಡು ಎಷ್ಟು ಖುಷಿ ಆಯ್ತು ಗೊತ್ತಾ? ಹತ್ತೇಬಿಟ್ಟೆ!"

ಮಾಮನ ಎದೆಯ ಮೇಲಿನ ಬಂಡೆ ಉರುಳಿಹೋಯಿತು. ಮರೆತಿಲ್ಲ! ನೋಡಿಯೇ ಇಲ್ಲದ ಮುಖವನ್ನು ಮರೆಯುವುದಾದರೂ ಹೇಗೆ? ಇಷ್ಟಕ್ಕೆ ಒಂದು ತಿಂಗಳಿನಿಂದ ನಿದ್ದೆ ಕೆಡಿಸಿಕೊಂಡೆನಲ್ಲ ಎಂದು ತಮ್ಮನ್ನು ತಾವೇ ಬೈದುಕೊಳ್ಳುತ್ತ, ಹುಡುಗನ ಹಾಗೆ ಕಾರಿಗೆ ಹತ್ತಿದರು. ಎಲ್ಲವನ್ನೂ ಹೇಳಿ ಹೆಂಡತಿಯ ಜೊತೆ ಹೊಟ್ಟೆ ಹುಣ್ಣಾಗುವಂತೆ ನಗಬೇಕೆಂದು ಬಾಯಿ ತೆರೆದರು.

ಕಂಡಕ್ಟರಮ್ಮ ಸೌತೆಕಾಯಿಯ ಮಣ್ಣನ್ನು ಕರವಸ್ತ್ರದಿಂದ ಒರೆಸುತ್ತಿದ್ದರು.

"ಪಾಪ, ಒಳ್ಳೆ ಹೆಂಗಸು ಕಣ್ರೀ," ಅಂದರು. "ನಿಮ್ಮ ಕಡೆಯವರಲ್ವಾ? ಏನಾಗ್ಬೇಕು ನಿಮಗೆ?"

ಮಾಮನ ತೆರೆದ ಬಾಯಿ ತೆರೆದೇ ಇತ್ತು. ಮೀಸೆ ಬೋಳಿಸಿದ್ದ ಆ ಷಡ್ಡಕ ಇವಳ ಒಡಹುಟ್ಟಿದ ತಂಗಿಯ ಗಂಡ; ಅಂದು ಇವಳು ಸುಮ್ಮನಿದ್ದದ್ದು ಗಂಡನ ಮಾನ ಉಳಿಸಲಲ್ಲ ಎಂಬುದು ಈಗ ಹೊಳೆಯಿತು.

"ಯಾಕ್ರೀ ಹಾಗೇ ಕೂತ್ಬಿಟ್ರಿ? ಇಳಿಯೋರು ಇಳಿದಾಯ್ತಲ್ಲ," ಎಂದು ಕಂಡಕ್ಟರಮ್ಮ ಬಾಗಿಲನ್ನು ಎರಡು ಸಲ ತಟ್ಟಿದರು. "ರೈಟ್ ರೈಟ್!"

ಕಾರು ಕದಲಲಿಲ್ಲ.