ರಾಜ್ಯದ ಪಾಲಿನ ಗಾಳಿ

ಗಾಳಿಯಿಲ್ಲದ ಊರಿಗೆ ಗಾಳಿ ಮಂಜೂರಾಗಿ ಬರುತ್ತಿದ್ದ ಕಾಲವದು. ರಾಜ್ಯ ಅರ್ಧ ಬೀಸಿ ತೋರಿಸಿದರೆ ಮಾತ್ರ ದಿಲ್ಲಿ ಉಳಿದರ್ಧ ಕಳಿಸುತ್ತಿತ್ತು. ಗದಗದ ಗುಡ್ಡದ ಗಾಳಿಯಂತ್ರ ತಿರುಗಿದರೆ ತನ್ನ ಹಿಟ್ಟಿನ ಗಿರಣಿ ಓಡೀತೆಂದು ನೀಲವ್ವನೂ ಊರವರ ಜೊತೆ ರಾಜ್ಯದ ಪಾಲಿಗೆ ಮೊರ ಬೀಸುತ್ತಿದ್ದಳು. ದಿಲ್ಲಿಯ ತಪಾಸಣೆಯವರ ಜೀಪು ಕಂಡ ಹೊತ್ತಿಗೇ ಗುಡ್ಡದ ಮೇಲೆ ಗಾಳಿ ತಾನಾಗಿ ಎದ್ದಿತು. ಯಂತ್ರದ ರೆಕ್ಕೆ ತಿರುಗಿ, ಕೆಳಗೆ ಗಿರಣಿಯಲ್ಲಿ ಜೋಳದ ಹಿಟ್ಟು ಬೀಳತೊಡಗಿತು.

"ಹಗ್ಗ ತರ್ರಿ, ರೆಕ್ಕಿ ಕಟ್ರಿ!" ಎಂದು ರಾಜ್ಯದ ಸಾಹೇಬರು ಕೂಗಿಕೊಂಡರು.

"ಹಿಟ್ಟು ಬೀಳಾಕತ್ತೈತಲ್ರೀ ಸಾಹೇಬ್ರ!" ಎಂದಳು ನೀಲವ್ವ.

"ಬಿಟ್ಟಿ ಗಾಳಿ ಕಂಡ್ರ ದಿಲ್ಲಿಯವ್ರು ತಮ್ಮ ಪಾಲು ಕೊಡ್ತಾರೇನ ಯವ್ವಾ?"

ಹಗ್ಗ ಬಿಗಿದೊಡನೆ ರೆಕ್ಕೆ ನಿಂತಿತು, ಗಿರಣಿಯೂ ನಿಂತಿತು; ಊರವರು ಮೊರ ಬೀಸುತ್ತಲೇ ಇದ್ದರು. ಗಾಳಿಗೆ ಹಾರಿಹೋಗುತ್ತಿದ್ದ ತಪಾಸಣೆಯ ಕಾಗದವನ್ನು ನೀಲವ್ವ ಎರಡೂ ಕೈಯಿಂದ ಒತ್ತಿ ಹಿಡಿದಳು. ಅದರ ಮೇಲೆ ದಿಲ್ಲಿಯವರು ಬರೆದರು: "ಇಲ್ಲಿ ಗಾಳಿಯೇ ಇಲ್ಲ. ಮಂಜೂರು ಮಾಡಬಹುದು."