ಒಂದು ಕರಟ ನೀರಾ

ಮಗುವನ್ನು ಎತ್ತಿಕೊಂಡು ಕತರೀನಾ ಮರದ ಬುಡಕ್ಕೆ ಬಂದಾಗ ಅವಳ ಅಣ್ಣನ ಮಗ ತೆಬಾನೋ ಆಗಲೇ ಅರ್ಧ ತೆಂಗು ಹತ್ತಿದ್ದ.

"ಅತ್ತೆ, ನೀವ್ಯಾಕೆ ಬಂದ್ರಿ? ಬಾಂಬಿಗೆ ಅಡಗೋ ಗುಂಡೀಲಿ ಕೂತಿರಿ ಅಂದಿದ್ನಲ್ಲ."

"ಇಲ್ಲಿ ಗಾಳಿ ಚೆನ್ನಾಗಿದೆ," ಅಂದಳು ಕತರೀನಾ.

ಬೈರಿಕಿ ದ್ವೀಪದ ಪಡುವಣ ತುದಿಯಲ್ಲಿ ಉಳಿದಿದ್ದ ಕಳ್ಳಿನ ಮರ ಅದೊಂದೇ. ಉಳಿದವನ್ನೆಲ್ಲ ಜಪಾನಿನ ಸೈನಿಕರು ಕಡಿದು, ಎದುರು ದ್ವೀಪದಲ್ಲಿ ತಾವು ಮಾಡಿಕೊಂಡ ವಿಮಾನ ಇಳಿಸುವ ಬಯಲಿಗೆ ಸಾಗಿಸಿದ್ದರು. ಮಗುವಿನ ತಾಯಿ ಹೆರಿಗೆಯಲ್ಲೇ ಹೋಗಿಬಿಟ್ಟಿದ್ದಳು. ಹುಳಿಯಾಗದ ನೀರಾಕ್ಕೆ ನೀರು ಬೆರೆಸಿ ಹನಿಹನಿಯಾಗಿ ಕುಡಿಸಿ ಕತರೀನಾ ಮೊಮ್ಮಗನನ್ನು ಉಳಿಸಿಕೊಂಡಿದ್ದಳು. ಹೊಂಬಾಳೆಯ ತುದಿಯನ್ನು ಬೆಳಿಗ್ಗೆ ಸಂಜೆ ತೆಳ್ಳಗೆ ಕೊಯ್ಯುತ್ತಿರಬೇಕು, ಇಲ್ಲದಿದ್ದರೆ ಒಸರು ನಿಲ್ಲುತ್ತದೆ. ನಿನ್ನೆ ಸಂಜೆ ಅಮೆರಿಕದ ವಿಮಾನಗಳು ಬಂದದ್ದೇ ತೆಬಾನೋ ಕೊಯ್ಯದೆ ಜಾರಿ ಇಳಿದು ಓಡಿದ್ದ. ಬೆಳಿಗ್ಗೆ ಕರಟದ ತಳ ನೆನೆದಿತ್ತು, ಅಷ್ಟೆ. ಇವತ್ತು ಸಂಜೆಯೂ ತಪ್ಪಿದರೆ ಮರ ಬತ್ತಿದಂತೆಯೇ ಎಂದು ಅವನೇ ಹೇಳಿದ್ದ. ಕತರೀನಾ ಬೈದಿರಲಿಲ್ಲ. ಬೇಕಾದರೆ ನಾನೇ ಹತ್ತುತ್ತೇನೆ, ನೀನು ಹೆಂಗಸರ ಜೊತೆ ಕೂತು ಚಾಪೆ ಹೆಣೆ ಎಂದಿದ್ದಳು.

ಮೇಲೇರಿದ ತೆಬಾನೋ ಹಾಡತೊಡಗಿದ. ಮರದ ಮೇಲೆ ಗಂಡಸಿದ್ದಾನೆಂದು ಕೆಳಗಿನ ಹೆಂಗಸರಿಗೆ ತಿಳಿಯಬೇಕಲ್ಲ, ಹಾಡದೆ ಕೊಯ್ಯುವವನನ್ನು ಅಲ್ಲಿ ಯಾರೂ ನಂಬುವುದಿಲ್ಲ. ಹೊಂಬಾಳೆಯ ಕಟ್ಟು ಬಿಚ್ಚುವಷ್ಟರಲ್ಲಿ ಕಡಲಿನ ಕಡೆಯಿಂದ ಗುಂಯ್ ಎಂಬ ಸದ್ದು ಬಂತು. ಹಾಡು ನಿಂತಿತು. ಅವನ ಕಾಲು ಕಾಂಡದಲ್ಲಿ ಕೊರೆದಿದ್ದ ಕೆಳಗಿನ ಕಚ್ಚನ್ನು ತಡಕಿತು.

ಬಗ್ಗಿ ನೋಡಿದರೆ, ಕತರೀನಾ ಮರಕ್ಕೆ ಬೆನ್ನು ಕೊಟ್ಟು ಕಾಲು ಚಾಚಿ ಕೂತಿದ್ದಳು. ಮಗು ಮಡಿಲಲ್ಲಿತ್ತು.

"ಅತ್ತೆ, ಏಳಿ. ಮಗು ಇದೆ."

"ನೀನು ಹಾಡು," ಅಂದಳು ಅವಳು, ತಲೆ ಎತ್ತದೆ.

ಎದುರಿನ ಬಯಲಿನಿಂದ ಮಣ್ಣು ಎದ್ದಿತು. ಒಂದು ಬಾಂಬು ದಾರಿ ತಪ್ಪಿ ಈಚೆ ನೀರಿಗೆ ಬಿತ್ತು, ಮರ ಬುಡದಿಂದ ತುದಿಯವರೆಗೆ ನಡುಗಿತು. ಹಾಡಿನ ಮಾತುಗಳೆಲ್ಲ ಮರೆತುಹೋಗಿ ತೆಬಾನೋನ ಬಾಯಲ್ಲಿ ಬರೀ ರಾಗ ಉಳಿಯಿತು. ಆದರೂ ಅವನ ಕತ್ತಿ ಹೊಂಬಾಳೆಯ ತುದಿಯನ್ನು ಎಂದಿನಷ್ಟೇ ತೆಳ್ಳಗೆ ಸವರಿತು. ಕರಟ ಕಟ್ಟಿ, ಮೊದಲ ಹನಿಗಳು ಬೀಳುವವರೆಗೂ ಕಾದ.

ವಿಮಾನಗಳು ಹೋದಮೇಲೆ, ಒಂದು ಗುಟುಕಿನಷ್ಟು ತುಂಬಿದ ಕರಟ ಹಿಡಿದು ಇಳಿದು ಬಂದ. ಮೇಲೆ ಇನ್ನೊಂದು ಕಟ್ಟಿಟ್ಟಿದ್ದ.

"ಅತ್ತೆ, ನೀವು ಗುಂಡೀಗೆ ಹೋಗಿದ್ರೆ ನಾನು ಇವತ್ತೂ ಇಳಿದು ಓಡ್ತಿದ್ದೆ."

"ಗೊತ್ತು ಕಣೋ. ಅದಕ್ಕೇ ಹೋಗ್ಲಿಲ್ಲ."

ಅವನು ಕರಟ ನೀಡಿದ. ಅವಳು ಕೈ ಚಾಚಲಿಲ್ಲ. ಮಗುವಿನ ಕಿವಿಗಳನ್ನು ಒತ್ತಿ ಹಿಡಿದಿದ್ದ ಅಂಗೈಗಳನ್ನು ಬಿಡಿಸಿಕೊಳ್ಳಲು ಅವಳಿಗೆ ಇನ್ನೂ ಆಗಿರಲಿಲ್ಲ.