ಮದುಮಗಳನ್ನು ಕದಿಯುವ ಆಟ

ಆಸ್ಟ್ರಿಯಾದ ಲಿಂಜ್ ಊರಿನ ಹೋಟೆಲಿನಲ್ಲಿ ಆ ಕೋಣೆಯ ಬಾಗಿಲನ್ನು ಕೊರ್ಬಿನಿಯನ್ ಒದ್ದೇ ತೆರೆದ. ಒಳಗೆ ಯಾರೂ ಇಲ್ಲ. ಅವನ ಹೆಂಡತಿಯ ಮದುವೆಯ ಬಿಳಿ ಉಡುಪು ಮಂಚದ ಮೇಲೆ ಮುದ್ದೆಯಾಗಿ ಬಿದ್ದಿತ್ತು. ಬಚ್ಚಲಲ್ಲಿ ಟವೆಲುಗಳ ರಾಶಿ, ಎಲ್ಲದರಲ್ಲೂ ರಕ್ತ. ಕೈತೊಳೆಯುವ ಬೋಗುಣಿಯಲ್ಲಿ ನೀಲಿ ಹೂವಿನ ಪಿಂಗಾಣಿಯ ಒಂದು ಚೂರು.

"ಅಯ್ಯೋ ದೇವರೇ!" ಎಂದಳು ಹಿಂದೆಯೇ ಓಡಿಬಂದ ಕೋಣೆ ಗುಡಿಸುವ ಹೆಂಗಸು. "ಇದೆಂಥ ಆಟ ಸ್ವಾಮಿ ಇದು?"

ನಿನ್ನೆ ಮಧ್ಯಾಹ್ನದವರೆಗೆ ಆಟವೇ ಆಗಿತ್ತು. ಈ ಕಡೆ ಮದುಮಗಳನ್ನು ಕದಿಯದೆ ಮದುವೆ ಮುಗಿಯುವುದಿಲ್ಲ. ಊಟದ ನಡುವೆ ಗಂಡಿನ ಗೆಳೆಯರು ಅವಳನ್ನು ಹಾರಿಸಿಕೊಂಡು ಹೋಗಿ ಪಕ್ಕದ ಬೀದಿಯ ಹೆಂಡದಂಗಡಿಯಲ್ಲಿ ಕೂರಿಸುತ್ತಾರೆ. ಗಂಡು ಹುಡುಕಿ, ಹಾಡಿ, ಕುಣಿದು ಬಿಡಿಸಿಕೊಂಡು ಬರಬೇಕು. ಜರ್ಮನಿಯ ಗಡಿಯ ಪಾಸೌ ಊರಿನ ಆ ಮದುವೆಯಲ್ಲೂ ಕೊರ್ಬಿನಿಯನ್‌ನ ಜೀವದ ಗೆಳೆಯ ಕ್ವಿರಿನ್, ಮದುಮಗಳು ಬುರ್ಗಿಯ ಕೈ ಹಿಡಿದು ಓಡಿದಾಗ ನೆಂಟರೆಲ್ಲ ಶಿಳ್ಳೆ ಹೊಡೆದಿದ್ದರು.

ಪಕ್ಕದ ಬೀದಿಯಲ್ಲಿ ಅವರು ಇರಲಿಲ್ಲ. ಊರಿನ ಯಾವ ಹೆಂಡದಂಗಡಿಯಲ್ಲೂ ಇರಲಿಲ್ಲ. ರೈಲು ನಿಲ್ದಾಣದಲ್ಲಿ ಟಿಕೆಟ್ ಕೊಡುವವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಪಕ್ಕದ್ ಬೀದಿ ಬಿಟ್ಟು ಪಕ್ಕದ್ ದೇಶಕ್ಕೇ ಹಾರಿಸ್ಕೊಂಡು ಹೋದ್ನಲ್ರೀ ನಿಮ್ಮ ದೋಸ್ತ್! ಲಿಂಜ್ ರೈಲು ಹತ್ತಿದ್ರು. ಓಡಿ, ಓಡಿ!"

ಬಿಳಿ ಉಡುಪಿನ ಮದುಮಗಳನ್ನು ಯಾರು ತಾನೇ ಮರೆಯುತ್ತಾರೆ? ಲಿಂಜ್‌ನಲ್ಲಿ ಕೇಳಿದವರೆಲ್ಲ ನಗುನಗುತ್ತ ದಾರಿ ತೋರಿಸಿದ್ದರು. ತೋರಿಸಿದ ದಾರಿ ಈ ರಕ್ತದ ಟವೆಲುಗಳ ಮುಂದೆ ತಂದು ನಿಲ್ಲಿಸಿತ್ತು. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು?

"ಪೊಲೀಸ್ನೋರಿಗೆ ಫೋನ್ ಮಾಡ್ಲಾ?" ಎಂದಳು ಹೆಂಗಸು.

"ಬೇಡಮ್ಮ. ಮನೆ ವಿಷ್ಯ. ನಾನೇ ನೋಡ್ಕೋತೀನಿ." ಅವನು ಪಿಂಗಾಣಿ ಚೂರನ್ನು ಎತ್ತಿ ಕೋಟಿನ ಜೇಬಿಗೆ ಹಾಕಿಕೊಂಡ. "ಎಲ್ಲಿಗೆ ಹೋದ್ರು?"

"ವಿಯೆನ್ನಾದ ದೊಡ್ಡ ತಿರುಗುಚಕ್ರ ನೋಡ್ಬೇಕು ಅಂತಿದ್ದ ಆ ಯಜಮಾನ. ನಂಗೆ ಕೇಳಿಸ್ಲಿ ಅಂತಲೇ ಜೋರಾಗಿ ಹೇಳ್ದ ಹಾಗಿತ್ತು."

ಜನ ಕೂರುವ ಮರದ ಡಬ್ಬಿಗಳನ್ನು ಹೊತ್ತು ಸುತ್ತುತ್ತಿದ್ದ ತಿರುಗುಚಕ್ರದ ಕೆಳಗೆ ಕ್ವಿರಿನ್ ಒಬ್ಬನೇ ನಿಂತಿದ್ದ. ಮದುವೆಗೆ ಬಂದವರೆಲ್ಲ ಸಿಕ್ಕಿಸಿಕೊಳ್ಳುವ ರೋಸ್ಮರಿ ಗಿಡದ ಕಡ್ಡಿ ಅವನ ಕೋಟಿನಲ್ಲಿ ಬಾಡಿ ನೇತಾಡುತ್ತಿತ್ತು. ಕೊರ್ಬಿನಿಯನ್‌ನ ಕೋಟಿನಲ್ಲೂ ಅದೇ ಕಡ್ಡಿ. ಗೆಳೆಯನನ್ನು ನೋಡಿ ಕ್ವಿರಿನ್ ಓಡಲಿಲ್ಲ. ಖಾಲಿ ಡಬ್ಬಿಯೊಂದರೊಳಗೆ ತಾನೇ ಹತ್ತಿ, ಬಾ ಎಂಬಂತೆ ನೋಡಿದ. ಬಾಗಿಲು ಮುಚ್ಚಿತು. ಚಕ್ರ ಮೇಲೇರಿತು.

"ಎಲ್ಲೋ ಅವಳು?"

"ಆಟ ಅಲ್ಲ ಕಣೋ ಇದು. ಅವಳು ನಿಂಗೆ ಇನ್ನು ಸಿಗಲ್ಲ. ಮನೆಗ್ಹೋಗು."

ಮೊದಲ ಏಟಿಗೆ ಕ್ವಿರಿನ್‌ನ ಮೂಗು ಮುರಿಯಿತು. ಅವನೂ ಬಿಡಲಿಲ್ಲ; ತಲೆಯಿಂದ ಗುಮ್ಮಿದ, ಕಿವಿ ಕಚ್ಚಿದ. ಕೊರ್ಬಿನಿಯನ್ ಅವನ ಕೂದಲು ಹಿಡಿದು ಮುಖವನ್ನು ಕಿಟಕಿಯ ಮರದ ಚೌಕಟ್ಟಿಗೆ ಅಪ್ಪಳಿಸಿದ. ಮತ್ತೆ ಅಪ್ಪಳಿಸಿದ. ಕಿಟಕಿಯಾಚೆ ಇಗರ್ಜಿಯ ಗೋಪುರ ಮೆಲ್ಲಗೆ ಕಾಣಿಸಿ, ಮೆಲ್ಲಗೆ ಮುಳುಗಿತು. ಪಕ್ಕದ ಡಬ್ಬಿಯಲ್ಲಿ ಯಾರೋ ಊರಿನ ಫೋಟೋ ತೆಗೆಯುತ್ತಿದ್ದರು. ಕ್ವಿರಿನ್‌ನ ಪಕ್ಕೆಲುಬು ಮುರಿದ ಸದ್ದು ಇಬ್ಬರಿಗೂ ಕೇಳಿಸಿತು.

ಕ್ವಿರಿನ್ ಬಾಯಿ ಬಿಡಲಿಲ್ಲ. ಆದರೆ ನೆಲಕ್ಕೆ ಬಿದ್ದ ಅವನ ಫೋನು ಮಿಣುಕಿತು. ಬುರ್ಗಿಯ ಸಂದೇಶ: "ತಲುಪಿದೆ. ಕಿಟಕೀಲಿ ಸೇತುವೆಯ ಕಲ್ಲಿನ ಸಿಂಹಗಳು ಕಾಣಿಸ್ತಿವೆ. ನೀನು ಬೇಗ ಬಂದ್ಬಿಡು."

ಹಂಗೇರಿಯ ಬುಡಾಪೆಸ್ಟಿನ ಆ ಸಿಂಹಗಳನ್ನು ಈ ಕಡೆ ಅರಿಯದವರು ಯಾರು?

ಡಬ್ಬಿ ಕೆಳಗಿಳಿದಾಗ ಕೊರ್ಬಿನಿಯನ್ ಗೆಳೆಯನ ಮುಖದ ಮೇಲೆ ಟೋಪಿ ಎಳೆದಿದ್ದ. ಬಾಗಿಲು ತೆರೆದವನು ಎರಡು ರೋಸ್ಮರಿ ಕಡ್ಡಿಗಳನ್ನೂ ನೋಡಿ ಕಣ್ಣು ಹೊಡೆದ. "ಮದುವೆ ಮನೆಯೋರಾ? ಜಾಸ್ತಿ ಏರ್ಸಿದಾನೆ ಪಾಪ. ಇನ್ನೊಂದು ಸುತ್ತು ಮಲಗ್ಲಿ ಬಿಡಿ."

ಸಂಜೆ ಬುಡಾಪೆಸ್ಟಿನಲ್ಲಿ ಸೇತುವೆಯೆದುರಿನ ಹೋಟೆಲಿಗೆ ಕಾಲಿಟ್ಟಾಗ ಅವನು ಬಾಯಿ ತೆರೆಯುವ ಮೊದಲೇ ಮೇಜಿನಾಚೆಯ ಇಲೋಂಕಾ ಎಂಬ ದಪ್ಪ ಹೆಂಗಸು ಕೋಟಿನ ಕಡ್ಡಿ ನೋಡಿ ಚಪ್ಪಾಳೆ ತಟ್ಟಿದಳು.

"ಬಂದ್ರಾ ಮದುಮಗ್ರೇ! ನಾನಿಲ್ಲಿರೋದು ಯಾರಿಗೂ ಹೇಳ್ಬೇಡಿ, ಮದುಮಗ ಹುಡುಕ್ಕೊಂಡು ಬರ್ತಾನೆ ಅಂತ ಅಂಗಲಾಚಿದ್ರು ಕಣ್ರೀ ನಿಮ್ಮಾಕೆ! ಕದ್ದ ಮದುಮಗಳು ಹಾಗನ್ನದೆ ಇನ್ನು ಹೇಗಂತಾಳೆ?"

"ಹೇಗಿದಾಳೆ?" ಕೊರ್ಬಿನಿಯನ್ ಮೇಜಿನತ್ತ ಬಾಗಿದ.

"ಕಣ್ಣಲ್ಲಿ ನೀರು, ಮೈಯೆಲ್ಲ ನಡುಕ. ಏನ್ ನಟನೆ ಅಂತೀರಿ! ಮೇಲಿದಾರೆ. ಆದ್ರೆ ಪುಕ್ಕಟೆ ಕೀಲಿ ಕೊಟ್ಬಿಡ್ತೀನಾ? ಕುಣೀರಿ ಮೊದ್ಲು!"

ಮದುಮಗಳ ಬದಲಿಗೆ ಹಿಡಿದು ಕುಣಿಯಲು ಪೊರಕೆ ಬಂತು. ಚಹಾ ಕುಡಿಯುತ್ತಿದ್ದವರು ಕುರ್ಚಿ ಸರಿಸಿ ಜಾಗ ಮಾಡಿದರು. ಕೊರ್ಬಿನಿಯನ್ ಪೊರಕೆಯನ್ನು ಹೆಂಡತಿಯಂತೆ ತಬ್ಬಿಕೊಂಡು ಕುಣಿದ. ಯಾರೋ ತಾಳ ಹಾಕಿದರು, ಮುದುಕಿಯೊಬ್ಬಳು ಕಣ್ಣೊರೆಸಿಕೊಂಡಳು. ಹೆಂಡತಿಗಾಗಿ ಮೂರು ದೇಶ ಅಲೆದ ಗಂಡ! ಇಂಥವನು ಯಾರಿಗೆ ಸಿಗುತ್ತಾನೆ?

"ಅಯ್ಯೋ, ಬೆರಳಿಗೆಲ್ಲ ಪಟ್ಟಿ ಸುತ್ಕೊಂಡಿದೀರಿ," ಎಂದಳು ಇಲೋಂಕಾ, ಕೀಲಿ ಕೊಡುತ್ತ.

"ಮದುವೆ ಹಿಂದಿನ ಸಂಜೆ ಪಿಂಗಾಣಿ ಒಡೆಯೋ ಶಾಸ್ತ್ರ ಮಾಡ್ತೀವಲ್ಲ, ಆಗ ತಗುಲ್ತು."

"ಒಡೆದಷ್ಟೂ ಸೌಭಾಗ್ಯ ಬಿಡಿ!"

ಅವನು ನಕ್ಕ. ಮೆಟ್ಟಿಲ ತುದಿಯವರೆಗೂ ಚಪ್ಪಾಳೆ ಅವನನ್ನು ಹಿಂಬಾಲಿಸಿತು.

ಬೀಗದಲ್ಲಿ ಕೀಲಿ ತಿರುಗಿದಾಗ ಬುರ್ಗಿ ಕನ್ನಡಿಯ ಮುಂದೆ ನಿಂತು ತನ್ನ ಹೆಗಲಿನಿಂದ ನೀಲಿ ಹೂವಿನ ಇನ್ನೊಂದು ಚೂರನ್ನು ಕೀಳುತ್ತಿದ್ದಳು. ಮದುವೆಯ ಹಿಂದಿನ ಆ ಸಂಜೆ ಕೊರ್ಬಿನಿಯನ್ ಅಡುಗೆಮನೆಯ ಬಾಗಿಲು ಹಾಕಿ ಅವಳ ಮೈಮೇಲೆ ತಟ್ಟೆ ಒಡೆದಾಗಲೂ, ಅಂಗಳದಲ್ಲಿದ್ದ ನೆಂಟರೆಲ್ಲ ಒಳಗಿನ ಸದ್ದು ಕೇಳಿ ಹೀಗೆಯೇ ಚಪ್ಪಾಳೆ ತಟ್ಟಿದ್ದರು.